ಒತ್ತು

ವಾಶಿ ಮಾರ್ಕೆಟ್ಟಿನ ಹಿಂದಿನ ಗೇಟಿನಲ್ಲಿ
ಬೆಳಗಿನ ನಾಲ್ಕಕ್ಕೆ ಎರಡು ರಾಶಿ:
ಒಂದು, ಬೆಲೆಯಿದ್ದದ್ದು.
ಇನ್ನೊಂದು, ಮೊಣಕಾಲೂರಿ ಆರಿಸಬೇಕಾದ್ದು.
ಸೊಂಟ ಉಳುಕಿದ ಗಜ್ಜರಿ, ಕೆನ್ನೆ ಒಡೆದ ಟೊಮ್ಯಾಟೊ,
ಹೂವು ಮಾರಿಹೋದ ಹೂಕೋಸಿನ ದಂಟು.
ನಾನು ಎರಡನೆಯದಕ್ಕೆ ಬಂದವನು,
ಚೆಂಬೂರಿನ ಕ್ಯಾಂಟೀನಿನಿಂದ, ಟೆಂಪೋದಲ್ಲಿ, ಕಿಲೋಗೆ ಎರಡು ರೂಪಾಯಿ.

ನಮ್ಮ ಅಡುಗೆಮನೆಯ ದಂಟು ಸಿಪ್ಪೆಯನ್ನೂ ಸೇರಿಸಿ
ಬೇಯಿಸಿ, ಅರೆದು, ಜಾಲರಿಯಲ್ಲಿ ಸೋಸಿ
ಸಿರಿಂಜಿನಂಥ ಕೊಳವೆಗೆ ತುಂಬಿದರೆ
ಯಂತ್ರ ಬರೆಯುತ್ತದೆ.
ಹೌದು, ಬರೆಯುತ್ತದೆ: ಎಡದಿಂದ ಬಲಕ್ಕೆ,
ಗೆರೆಯ ಮೇಲೆ ಗೆರೆ,
ನುಂಗಲಾರದವರ ವಾರ್ಡಿಗೆ
ಗಜ್ಜರಿಯಂತೆಯೇ ಕಾಣುವ ಮೆತ್ತನೆಯ ಗಜ್ಜರಿ.

ಮೊದಲ ವಾರ ಮೂತಿ ಕಟ್ಟಿತು.
ಪುಣೆಯಿಂದ ಬಂದ ಋತುಜಾ ಪರದೆಯ ಮೇಲೆ
ಒತ್ತಡದ ಅಂಕಿ ಏರಿಸಿದಳು, ಇಳಿಸಿದಳು, ಉಗುರು ಕಚ್ಚಿದಳು.
ಒಳಗಿನಿಂದ ಪೂವಪ್ಪಣ್ಣ ಬಂದ.
ಐವತ್ತು ವರ್ಷ ಸೇಮಿಗೆ ಒತ್ತಿದ ಕೈ,
ಬಲಹೆಗಲು ಎಡಕ್ಕಿಂತ ಒಂದು ಬೆರಳು ಕೆಳಗೆ.
ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಎಳೆದು ನೋಡಿ
"ಬಿಸಿ ಇರುವಾಗಲೇ ಒತ್ತಬೇಕು ಮಾರಾಯ್ತಿ,
ತಣಿದರೆ ಅದು ಯಾರ ಮಾತೂ ಕೇಳುವುದಿಲ್ಲ" ಅಂದ.
ನಾನು ಹಿಂದಿಗೆ ತಿರುಗಿಸಿದೆ. 'ಮಾರಾಯ್ತಿ' ತಿರುಗಲಿಲ್ಲ.
ಅವಳು ಕೊಳವೆಗೆ ಬಿಸಿಪಟ್ಟಿ ಸುತ್ತಿದಳು.
ಎಳೆ ಇಳಿಯಿತು, ಕಡಿಯದೆ.

ಫೋರ್ಟಿನ ರಾತ್ರಿಶಾಲೆಯಲ್ಲಿ ನನಗೆ ಒತ್ತಕ್ಷರ ಕೂರುತ್ತಿರಲಿಲ್ಲ.
ದಿನವಿಡೀ ಕಪ್ಪು ಬಸಿ ತೊಳೆದ ಬೆರಳು ಸುಕ್ಕಾಗಿ
ಬಳಪ ಜಾರುತ್ತಿತ್ತು; 'ಅಕ್ಕಿ' ಅಂದರೆ 'ಅಕಿ'.
ಮೇಷ್ಟ್ರು ಹೇಳಿದ್ದರು:
ಕೆಳಗಿರುವುದು ಕಾಣುವುದಿಲ್ಲ ಅಂತ ಬಿಟ್ಟರೆ
ಅನ್ನವೂ ಬರೀ 'ಅನ', ತಿಳೀತಾ?

ಮೂರನೇ ತಿಂಗಳು ಋತುಜಾ ಫಲಕದಲ್ಲಿ ಬರೆದಳು:
ಕಸ, ದಿನಕ್ಕೆ ನಲವತ್ತು ಕಿಲೋದಿಂದ ಆರಕ್ಕೆ.
ಎಲ್ಲರೂ ಚಪ್ಪಾಳೆ. ನಾನೂ.
ಆ ಸಂಜೆ ಹಿಂಬಾಗಿಲಲ್ಲಿ ಸೈಕಲ್ಲು,
ಗೋವಂಡಿ ತಬೇಲಾದ ರಾಮ್‌ದುಲಾರ್,
ಖಾಲಿ ಗೋಣಿ ಮಡಚಿ ಕಂಕುಳಲ್ಲಿ:
"ದಂಟು ಇಲ್ಲವೇ ಸೇಠ್? ಸಿಪ್ಪೆ?"

ಹದಿನಾಲ್ಕು ವರ್ಷ ನಾವು ಕಸವೆಂದು ಬರೆದದ್ದನ್ನು
ಅವನ ಎಮ್ಮೆಗಳು ಊಟವೆಂದು ತಿಳಿದಿದ್ದವು.
ನಮ್ಮ ಚಹಾದ ಹಾಲೂ ಅವುಗಳದೇ.
ಫಲಕದಲ್ಲಿ ಅವಕ್ಕೆ ಕಾಲಂ ಇರಲಿಲ್ಲ.

ಋತುಜಾ ತುಂಬ ಹೊತ್ತು ಸುಮ್ಮನಿದ್ದು
ಆರನ್ನು ಒರೆಸಿದಳು. ಹನ್ನೊಂದು ಬರೆದಳು. ಅದನ್ನೂ ಒರೆಸಿದಳು.
ಪೂವಪ್ಪಣ್ಣ ಯಾರನ್ನೂ ಕೇಳದೆ
ಮೂತಿಗೆ ಹೇಗೂ ಸಿಕ್ಕಿಕೊಳ್ಳುವ ನಾರುಗಂಟುಗಳನ್ನು
ಬೇರೆ ಬುಟ್ಟಿಗೆ ಹಾಕತೊಡಗಿದ್ದ.

ಈಗ ನಾಲ್ಕಕ್ಕೆ ಆರಿಸುವಾಗ ಮೂರು ರಾಶಿ ಮಾಡುತ್ತೇನೆ.
ಮೂರನೆಯದು ಸಾಲುವುದಿಲ್ಲ, ಗೊತ್ತು.
ನಿನ್ನೆ ವಾರ್ಡಿನಿಂದ ತಟ್ಟೆಗಳು ಮರಳಿದವು, ಖಾಲಿ;
ಒಂದರಲ್ಲಿ ಮಾತ್ರ
ಗಜ್ಜರಿಯ ತುದಿ ಅಂಚಿಗೆ ಸರಿಸಿಟ್ಟಿತ್ತು,
ಯಾರೋ ಕಾಗೆಗೆಂದು ಬಿಟ್ಟ ಹಾಗೆ.