ಕಳುವಾದ ವಸ್ತುವಿನ ವಿವರ

ಗುಳೇದಗುಡ್ಡ ಠಾಣೆ. ಕರೆಂಟಿಲ್ಲ.
ಹನ್ನೊಂದರ ಪೋರ, ಬೆವರಿದ ಅಂಗೈಯಾಗ ಫೋನು:
‘ನನ್ನ ಕತ್ತಿ ಕದ್ದಾರ್ರಿ. ಅರವತ್ತೆರಡನೇ ಲೆವೆಲ್ಲಿಂದು.’

ಕಳುವಾದ ವಸ್ತುವಿನ ತೂಕ? ಖಾಲಿ ಬಿಟ್ಟೆ.
ಕೀಲಿ ಮುರಿದಾರೇನು? ‘ಇಲ್ರಿ.
ಗೇಮ್ ಕಂಪನಿಯಾಂವ ಅಂತ ಮೆಸೇಜ್ ಹಾಕಿದ್ದ,
ಪಾಸ್‌ವರ್ಡ್ ನಾನೇ ಕೊಟ್ನಿ.’

ಬೆಂಚಿನ ಮ್ಯಾಲ ಸಂಗನಬಸು,
ಅಂಗಿ ತುಂಬ ಖಣದ ಮಗ್ಗದ ಕೆಂಪು ಎಳಿ:
‘ಕೇಳಿದ್ನಿ, ಕೊಟ್ಟ. ಕೊಟ್ಟದ್ದು ಕಳುವು ಹ್ಯಾಂಗಾಕ್ಕೈತ್ರಿ ಸಾಹೇಬ್ರ?’

ಟಾರ್ಚ್ ಹಿಡಿದು ಪುಸ್ತಕ ತಿರುವಿದೆ.
ಸೋಗು ಹಾಕಿ ಮೋಸ ಮಾಡಿದರ ಮೂರು ವರುಷದ ಮಟ.
ಓದಿ ಹೇಳಿದೆ, ಗಂಟಲು ಏರಿಸಿ.
ಕತ್ತಿಯ ಮಾತು ಅದರಾಗಿಲ್ಲ.

ಬರಿಯೂದು ಮುಗಿಸಿ, ಹಂಗ ಸುಮ್ಮನ,
‘ಹೊಸಾ ಖಾತೆಗೆ ಪಾಸ್‌ವರ್ಡ್ ಏನಿಟ್ಟೀಪಾ?’ ಅಂದೆ.
ನನ್ನ ಖಾಕಿ ನೋಡಿದ ಪೋರ,
ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

ಬೆಂಚಿನ ಮ್ಯಾಲಿನಾಂವ
ನೆಲ ನೋಡಿ ನಕ್ಕ.