ಯಾವ ಮರ

ಸಿಸ್ಟರ್ ಸೊಲಾಂಜ್ ತಂದ ಚೀಟಿಯಲ್ಲಿ
ಪೆನ್ಸಿಲ್ಲಿನ ಚಿತ್ರವೊಂದಿತ್ತು: ಕೊಯ್ದಿಟ್ಟ ದಿಮ್ಮಿ,
ಮೇಲೆರಡು ಎಲೆ, ಬುಡದಲ್ಲಿ ಅಣಬೆ.
"ಇಂಥದ್ದೊಂದು ಕೇಕು. ನಮ್ಮೂರ ಹಬ್ಬಕ್ಕೆ ಇದೇ."

ಯಾವ ಮರ? ಅಂದೆ.

ಮೂವತ್ತೆಂಟು ವರ್ಷ ಶಿವಮೊಗ್ಗೆಯಲ್ಲಿದ್ದು
ಆಟೋದವರೊಡನೆ ಕನ್ನಡದಲ್ಲೇ ಜಗಳವಾಡುವವರು
ಇದಕ್ಕೆ ಮಾತ್ರ ತಡವರಿಸಿದರು.
"ಮರ ಅಂದರೆ ಮರ. ಚಾಕಲೇಟಿನ ಮರ."

ಹಾಗಂದರೆ ಹೇಗೆ?
ನಂದಿಯದು ನುಣ್ಣನೆ ಮೈ, ಸಿಪ್ಪೆ ಬಿಡುತ್ತದೆ.
ಹೊನ್ನೆಗೆ ಕೊಡಲಿ ತಾಗಿದರೆ ಕೆಂಪು ಇಳಿಯುತ್ತದೆ.
ಮತ್ತಿಯೋ, ದಡಕ್ಕೆ ಬಂದು ಮಲಗಿದ ಮೊಸಳೆ.
ಗಾಡಿಕೊಪ್ಪದ ಸಾಮಿಲ್ಲಿನಲ್ಲಿ
ಇಪ್ಪತ್ತಾರು ವರ್ಷ ಗರಗಸದೆದುರು ನಿಂತ
ಹೂವಪ್ಪನ ಮಗಳು ನಾನು,
ಅಕ್ಷರಕ್ಕೂ ಮೊದಲು ತೊಗಟೆ ಓದಿದವಳು.

ಮತ್ತಿಯೇ ಆಗಲಿ ಎಂದುಕೊಂಡೆ.

ಇಪ್ಪತ್ಮೂರರ ರಾತ್ರಿ, ಹಾಳೆಯಂಥ ಕೇಕನ್ನು
ಬಿಸಿ ಆರುವ ಮುನ್ನ ಒದ್ದೆ ಬಟ್ಟೆಯಲ್ಲಿ ಸುರುಳಿ ಸುತ್ತಿ
ಕೆನೆ ಬಳಿದು, ಚಾಕುವಿನ ಮೊನೆಯಿಂದ
ಚೌಕ ಚೌಕ ಬಿರುಕು ಬಿಡಿಸುತ್ತಿದ್ದೆ.
ಮೊಟ್ಟೆ ಟ್ರೇಗಳ ಪಕ್ಕ ಸ್ಟೂಲಿನ ಮೇಲೆ ಕೂತು
ಸಿಸ್ಟರ್ ಹೇಳುತ್ತಿದ್ದರು:
ಅವರಜ್ಜಿಯ ಕಾಲಕ್ಕೆ ಅದು ನಿಜದ ದಿಮ್ಮಿ.
ಮನೆಗೆ ಹಿರಿಯವರು ಒಂದು ತುದಿ, ಕಿರಿಯದು ಇನ್ನೊಂದು ತುದಿ
ಹಿಡಿದು ತಂದು ಒಲೆಗಿಟ್ಟು, ಮೇಲೆ ವೈನು ಸುರಿದು,
ಬೆಳಗಿನ ತನಕ ಆರದಂತೆ ಕಾಯಬೇಕು.
ಉಳಿದ ಇದ್ದಿಲು ಮಂಚದಡಿ, ಸಿಡಿಲು ಹೊಡೆಯದಂತೆ.

"ಆಮೇಲೆ ಕಬ್ಬಿಣದ ಸ್ಟೋವ್ ಬಂತು.
ಅದರ ಬಾಯಿಗೆ ದಿಮ್ಮಿ ಹಿಡಿಸಲಿಲ್ಲ.
ಯಾರೋ ಬೇಕರಿಯವನು ಕೇಕು ಮಾಡಿದ."

ಮಿಲ್ಲಿಗೆ ಬೀಗ ಬಿದ್ದಾಗ
ನಮಗೂ ಒಬ್ಬ ಅಂಥವನು ಸಿಗಬಾರದಿತ್ತೇ
ಅನ್ನಲು ಹೊರಟೆ. ಕೆನೆ ಗಟ್ಟಿಯಾಗುತ್ತಿತ್ತು.

ವೈನಿಗೇನು ಮಾಡುವುದು?
ಮೊಯ್ದಿನಬ್ಬರ ಬೇಕರಿಯಲ್ಲಿ ಅದರ ಮಾತೂ ಇಲ್ಲ.
ಅವರೇ ಮನೆಯಿಂದ ಪುನರ್ಪುಳಿ ಶರಬತ್ತು ತರಿಸಿದರು.
"ಬಣ್ಣ ಒಂದೇ ಅಲ್ವಾ, ದೇವರಿಗೆ ಗೊತ್ತಾಗುತ್ತೆ."
ಯಾವುದು ಗೊತ್ತಾಗುತ್ತೆ ಅಂತ ಯಾರೂ ಕೇಳಲಿಲ್ಲ.

ಕೊನೆಗೆ ದಿಮ್ಮಿಯ ತಲೆಯ ಮೇಲೆ
ಬಿಳಿ ಸಕ್ಕರೆಯಲ್ಲಿ ನಂಬರು ಬರೆದೆ: ೪೧೭, ಮತ್ತಿ.
"ಇದೇನು?"
ಪರ್ಮಿಟ್ಟು ಸಿಸ್ಟರ್.
ನಂಬರಿಲ್ಲದ ನಾಟ ಗೇಟು ದಾಟಬಾರದು.

ಇನ್ನು ಶುಭಾಶಯ.
ಅವರು ಬರೆದುಕೊಟ್ಟದ್ದರಲ್ಲಿ
ಅರ್ಧ ಅಕ್ಷರ ಬಾಯಿಗೆ ಬರಬಾರದಂತೆ.
ಝ್ವಾಯೊ ನೊಯೆಲ್, ಅಂದರು.
ಜೋಯಾ ನೋಯಲ್ಲ, ಅಂದರು ಮೊಯ್ದಿನಬ್ಬ.
ಮೂರು ಸಲ ತಿದ್ದಿ
ನಾಲ್ಕನೆಯದಕ್ಕೆ ಸಿಸ್ಟರ್ ಕೈಬಿಟ್ಟರು.

ನನ್ನನ್ನು ಕರೆದೊಯ್ಯಲು ಅಪ್ಪ ಬಂದಾಗ ಹನ್ನೊಂದೂವರೆ.
ಮಫ್ಲರ್ ಬಿಚ್ಚಲಿಲ್ಲ, ಯಾರನ್ನೂ ನೋಡಲಿಲ್ಲ,
ಗಾಜಿನ ಮುಂದೆ ಬಗ್ಗಿ
"ಮತ್ತಿ" ಅಂದ.
ಮೂರೇ ಬೆರಳಿನ ಬಲಗೈ ಚಾಚಿ
ಸುತ್ತಳತೆಗೆ ಗೇಣಿಟ್ಟ.
"ಒಳಗೆ ಟೊಳ್ಳೋ ಏನೋ" ಎಂದು
ಗೆಣ್ಣಿನಿಂದ ಬಡಿಯಹೊರಟವನನ್ನು ತಡೆದೆ.

ಸಿಸ್ಟರ್ ಆ ಕೈ ನೋಡಿದರು,
ನೋಡದವರಂತೆ ಎದ್ದು ನಿಂತರು.
"ಝ್ವಾಯೊ ನೊಯೆಲ್, ಹೂವಪ್ಪ."

ಅಪ್ಪ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ.
"ಇಲ್ಲ ಸಿಸ್ಟರ್, ಈಗ ನೋಯಲ್ಲ.
ಚಳಿಗೆ, ಸ್ವಲ್ಪ."

ಯಾರೂ ತಿದ್ದಲಿಲ್ಲ.
ಅಣ್ಣಾನಗರದ ಕಡೆಯಿಂದ ನಾಯಿಯೊಂದು ಬೊಗಳಿತು.
ಓವನ್ನು ತಣ್ಣಗಾಗುತ್ತ ಟಿಕ್ ಅಂದಿತು.

ಹಬ್ಬದ ಮರುದಿನ ಕಾನ್ವೆಂಟಿನಿಂದ
ನಂಬರಿದ್ದ ತುದಿಯ ತುಂಡೇ ನಮ್ಮನೆಗೆ ಬಂತು.
ಅಪ್ಪ ತಿನ್ನಲಿಲ್ಲ. ಸಿಡಿಲಿನ ಕಥೆ ನಾನೇ ಹೇಳಿದ್ದೆ.
ಅರದ ಡಬ್ಬಿಯ ಪಕ್ಕ, ಅಟ್ಟಣಿಗೆಯ ಮೇಲಿಟ್ಟ.

ಮೂರನೆಯ ದಿನ ನೋಡಿದರೆ
ಗೋಡೆಯುದ್ದಕ್ಕೂ ಕಟ್ಟಿರುವೆಯ ಸಾಲು,
ಒಂದೊಂದರ ತಲೆ ಮೇಲೂ ಒಂದೊಂದು ಚೂರು ತೊಗಟೆ;
ಮುಂದಿನವು ನಾಲ್ಕು, ಒಂದು, ಏಳನ್ನು
ಆಗಲೇ ಗೇಟು ದಾಟಿಸಿದ್ದವು.