ನಾಲ್ಕನೆಯ ಗೂಡು

ಲಿಯೆಪಾಯ ಬಂದರಿನ ಬೆನ್ನಿಗೆ ಅಂಟಿಕೊಂಡ
ಹೊಗೆಮೀನಿನ ಡಬ್ಬಿ ಕಾರ್ಖಾನೆ.
ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕ,
ಅದರ ಸರ್ವರು.
ಬಾಗಿಲು ತೆರೆದರೆ ಮೊದಲು ಮೀನಿನ ವಾಸನೆ,
ಆಮೇಲೆ ಬಿಸಿಗಾಳಿ,
ಆಮೇಲೆ ನಾಲ್ಕು ಹಸಿರು ಚುಕ್ಕೆ.

ಮಾಲೀಕ ಆರ್ವಿಡ್ಸ್ ನನ್ನ ಕೈಗಿಟ್ಟದ್ದು
ಮೂರು ಹೊಸ ಡಿಸ್ಕು, ಎಂಟೆಂಟು ಟೆರಾಬೈಟಿನವು.
‘ನಾಲ್ಕನೆಯದು ಹಳೆಯದೇ ಇರಲಿ.
ನಾಲ್ಕು ಟೆರಾ ಆದರೇನು, ಓಡುತ್ತಿದೆಯಲ್ಲ.
ಓಡುವ ಕುದುರೆಯನ್ನು ಯಾರಾದರೂ ಲಾಯದಿಂದ ಅಟ್ಟುತ್ತಾರಾ?’

ಹೇಳಬೇಕಾದ್ದನ್ನು ಹೇಳಿದೆ.
ಚೀಟಿಯಲ್ಲಿ ಬರೆದೂ ಕೊಟ್ಟೆ.
ಅವನು ಅದನ್ನು ನಾಲ್ಕು ಮಡಿಕೆ ಮಡಿಸಿ
ಅಲ್ಲಾಡುವ ಮೇಜಿನ ಕಾಲಡಿಗೆ ತುರುಕಿದ.

ಒಂದನ್ನು ಕೀಳು. ಒಂದನ್ನು ತೂರಿಸು.
ಕಾಯಿ.
ಹದಿಮೂರು ಗಂಟೆ, ಉಳಿದ ಮೂರೂ ಸೇರಿ
ಹೋದವನಿಗೆ ಗೊತ್ತಿದ್ದದ್ದನ್ನು
ಬಂದವನ ಕಿವಿಯಲ್ಲಿ ಒಪ್ಪಿಸುತ್ತವೆ:
ಸಂಬಳದ ಪಟ್ಟಿ, ರದ್ದಾದ ಆರ್ಡರು,
ಉಪ್ಪಿನ ಬಾಕಿ, ದೋಣಿಗಳ ಬಾಡಿಗೆ,
ಲೆಕ್ಕದ ಸ್ಕೈದ್ರೀತೆ ಯಾರಿಗೂ ಹೇಳದೆ ಇಟ್ಟಿದ್ದ
ಕಂದು ಬೆಕ್ಕಿನ ನೂರಾರು ಫೋಟೋ.
ಆ ಹೊತ್ತಿನಲ್ಲಿ ಇನ್ನೊಂದು ಕೈಕೊಟ್ಟಿತೋ,
ಬಾಲ್ಟಿಕ್ಕಿನಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರನೆಯ ರಾತ್ರಿ ಗಾಳಿ ಎದ್ದಿತು.
ದೀಪ ಎರಡು ಸಲ ಮಿಟುಕಿತು.
ನಾನು ಬಾಯಲ್ಲಿದ್ದ ಕರಿಬ್ರೆಡ್ಡನ್ನು
ಅಗಿಯುವುದನ್ನೇ ಮರೆತು
ಕಿತ್ತಳೆ ಚುಕ್ಕೆಯೊಂದನ್ನು ನೋಡುತ್ತ ಕೂತೆ,
ಅದು ಹಸಿರಾಗುವವರೆಗೆ.

ಸೋಮವಾರ ಆರ್ವಿಡ್ಸ್ ಪರದೆಗೆ ಮೂಗು ತಾಗಿಸಿದ.
ಮೊದಲಿದ್ದದ್ದು ಹನ್ನೆರಡು. ಈಗಲೂ ಹನ್ನೆರಡು.
‘ನನ್ನ ದುಡ್ಡೆಲ್ಲಿ?’

ಇಲ್ಲೇ ಇದೆ, ಆ ಗೂಡುಗಳಲ್ಲೇ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ಮೂವರ ಹಾಸಿಗೆ ಉದ್ದ, ಒಬ್ಬನದು ಗಿಡ್ಡ,
ಅವನ ಸಲುವಾಗಿ ನಾಲ್ವರೂ
ಮೊಣಕಾಲು ಮಡಿಸಿ ಮಲಗಿದ್ದಾರೆ.
ಇಲ್ಲಿ ಸೇರಿಗೆ ಸವಾಸೇರು ನಡೆಯುವುದಿಲ್ಲ,
ಸೇರಿಗೆ ಸೇರೇ.
ಮೇಲುಳಿದದ್ದು ಬಿಲ್ಲಿನ ಲೆಕ್ಕಕ್ಕುಂಟು,
ಆಟಕ್ಕಿಲ್ಲ.

ಅವನಿಗೆ ಅರ್ಥವಾಗಲಿಲ್ಲ.
ಅರ್ಥವಾದದ್ದು ಸ್ಕೈದ್ರೀತೆಗೆ.
ಕನ್ನಡಕ ಹಣೆಗೇರಿಸಿ ಆಕೆ ಅಂದಳು:
‘ಲೆಕ್ಕಕ್ಕೆ ಬರುವ ಮೊದಲು ಡಬ್ಬಿ ತುಂಬುತ್ತಿದ್ದೆ.
ಪಟ್ಟಿಯ ಸುತ್ತ ನಾವು ನಾಲ್ವರು.
ವೆಲ್ತಾಳ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.
ಪಟ್ಟಿ ಓಡಿದ್ದು ವೆಲ್ತಾಳ ವೇಗದಲ್ಲಿ,
ಹನ್ನೊಂದು ವರ್ಷ.
ಮಿಕ್ಕ ಹೊತ್ತಿನಲ್ಲಿ ನಾವು ಮೂವರೂ
ಕಿಟಕಿಯಾಚೆ ಹಡಗು ಎಣಿಸುತ್ತಿದ್ದೆವು.
ಯಾವ ರಿಜಿಸ್ಟರಿನಲ್ಲೂ ಇಲ್ಲ ಆ ಹಡಗುಗಳು.
ಕೆಟ್ಟ ದಿನಗಳೇನಲ್ಲ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಫ್ಯಾನು ತಿರುಗುತ್ತಿತ್ತು.

‘ಆದರೆ ಇದು ವೆಲ್ತಾ ಅಲ್ಲ ಆರ್ವಿಡ್ಸ್,
ತಗಡಿನ ಡಬ್ಬಿ.
ಜಿಪುಣತನ ಬಿಟ್ಟು ನಾಲ್ಕನೆಯದನ್ನು ತರಿಸು.’

ಗುರುವಾರ ಬಂತು.
ಮತ್ತೆ ಹದಿಮೂರು ಗಂಟೆ.
ಆಮೇಲೂ ಹನ್ನೆರಡೇ! ಆರ್ವಿಡ್ಸ್‌ನ ಮುಖ ಬಿಳಿಚಿತು.
ಜಾಗ ಇದ್ದರೆ ಸಾಲದು,
ಇನ್ನು ಕಾಲು ಚಾಚಬಹುದು ಅಂತ
ಯಾರಾದರೂ ಹೇಳಬೇಕು.
ಒಂದು ಸಾಲು ಟೈಪಿಸಿ ಹೇಳಿದೆ.
ಅದು ಮೆಲ್ಲಗೆ, ನಂಬಿಕೆ ಬಾರದವರ ಹಾಗೆ,
ಇಡೀ ದಿನ ಚಾಚಿ
ಇಪ್ಪತ್ತನಾಲ್ಕಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.
‘ಐದನೆಯ ಗೂಡು ಮಾಡಲಾಗುತ್ತದಾ?’
ಕೇಳಿದ ಆರ್ವಿಡ್ಸ್.

ಹಳೆಯ ಡಿಸ್ಕಿಗೆ ಡ್ರಿಲ್ಲಿನಲ್ಲಿ ಮೂರು ತೂತು ಕೊರೆದೆ,
ಸಂಬಳದ ಗುಟ್ಟು ಹೊರಬೀಳದಿರಲಿ ಅಂತ.
ಸ್ಕೈದ್ರೀತೆ ಅದನ್ನು ಕೈಯಲ್ಲೇ ತೂಗಿ ನೋಡಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.
ಮನೆಯಲ್ಲಿ ಹುಳಿಗೆ ಇಟ್ಟ ಕೋಸಿನ ಜಾಡಿ ಇದೆಯಂತೆ,
ಮುಚ್ಚಳ ಏಳುತ್ತದಂತೆ,
ಹೇರಲು ಇಷ್ಟೇ ಭಾರ ಸಾಕಂತೆ.

ಚೀಟಿ ಇನ್ನೂ ಅಲ್ಲೇ ಇದೆ.
ಮೇಜು ಈಗ ಅಲ್ಲಾಡುವುದಿಲ್ಲ.